ಗೋಲಿನ ಬಾಯಿಗೆ ಒಡೆದ ತೆಂಗಿನಕಾಯಿ

ಕೋವಿಡ್ ಬರುವುದಕ್ಕೆ ಒಂದು ವರ್ಷ ಮುಂಚಿನ ಮಾತು. ಎರಡು ವರ್ಷ ಮುಂಚೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳ ನೆನಪು ನನ್ನದಕ್ಕಿಂತ ಗಟ್ಟಿ, ಆದರೆ ಆ ಪ್ರವಾಸಕ್ಕೆ ಅವಳು ಬಂದಿರಲಿಲ್ಲ. ಆಗ ನಾನು ಕೂಡ್ಲಿಗಿಯ ಒಂದು ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿದ್ದೆ. ಹುದ್ದೆಯ ಹೆಸರು ದೊಡ್ಡದು. ಕೆಲಸವೆಂದರೆ ಖೊ ಖೊ ಕಂಬ ನೆಡಿಸುವುದು, ವಾಲಿಬಾಲ್‌ಗೆ ಗಾಳಿ ತುಂಬಿಸುವುದು, ಸ್ವಾತಂತ್ರ್ಯ ದಿನದಂದು ಧ್ವಜದ ಹಗ್ಗ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವುದು. ವಿಶ್ವವಿದ್ಯಾಲಯದಲ್ಲಿ ಎಂ.ಪಿ.ಎಡ್. ಓದಿದ್ದರಿಂದ ಎಲ್ಲದಕ್ಕೂ ಪುರಾವೆ ಕೇಳುವ ಚಟ ನನಗೆ ಅಂಟಿಕೊಂಡಿತ್ತು. ಯಾವ ಹುಡುಗ ಎಷ್ಟು ದೂರ ಜಿಗಿದೆ ಎಂದರೂ ಟೇಪು ಹಿಡಿದು ಇನ್ನೊಮ್ಮೆ ಅಳೆಯುತ್ತಿದ್ದೆ. ಪುರಾವೆ ಕೇಳದೆ ಬಿಟ್ಟದ್ದು ಒಂದೇ ಸಂಗತಿಗೆ, ನಾನೇ ಹೊಡೆದ ಒಂದು ಗೋಲಿಗೆ.

ಎಂ.ಪಿ.ಎಡ್. ಓದುವಾಗ ನಮ್ಮನ್ನು ಚಳಿಗಾಲದ ಶಿಬಿರಕ್ಕೆಂದು ಹಿಮಾಲಯದ ಒಂದು ಊರಿಗೆ ಕರೆದೊಯ್ದಿದ್ದರು. ಅಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಐಸ್ ಹಾಕಿ ಆಡುತ್ತಿದ್ದರು. ಮೂರು ದಿನ ನನ್ನ ಕಾಲಿಗೂ ಉಕ್ಕಿನ ಅಲಗಿನ ಬೂಟು ಕಟ್ಟಿದರು. ಕೊನೆಯ ದಿನ ಒಂದು ಪಂದ್ಯವಾಯಿತು, ಅದರಲ್ಲಿ ನಾನೊಂದು ಗೋಲು ಹೊಡೆದೆ. ಮುಂದೆ ಕೆಲಸಕ್ಕೆ ಅರ್ಜಿ ಹಾಕುವಾಗ ಬಯೋಡೇಟಾದಲ್ಲಿ ‘ಐಸ್ ಹಾಕಿ: ಆಟಗಾರ’ ಎಂದು ಒಂದು ಸಾಲು ಸೇರಿಸಿದೆ. ಕೆಲಸ ಸಿಕ್ಕಿತು. ಸ್ಟಾಫ್ ರೂಮಿನಲ್ಲಿ ಆ ಗೋಲಿನ ಕಥೆಗೆ ಬೇಡಿಕೆಯೂ ಇತ್ತು. ಮೊದಲ ವರ್ಷ ಅದನ್ನು ಐದು ಅಡಿ ದೂರದಿಂದ ಹೊಡೆದಿದ್ದೆ. ಹತ್ತನೆಯ ವರ್ಷದ ಹೊತ್ತಿಗೆ ಅರ್ಧ ಕೆರೆ ದಾಟಿಸಿ ಹೊಡೆಯುತ್ತಿದ್ದೆ.

ಶಿಬಿರದ ದಿನಚರಿ ನನ್ನ ಬಳಿ ಈಗಲೂ ಇದೆ. ಪಂದ್ಯದ ದಿನದ ಪುಟದಲ್ಲಿರುವುದು ಎರಡೇ ವಾಕ್ಯ: ‘ವಿಪರೀತ ಚಳಿ. ಸೂಪ್ ಚೆನ್ನಾಗಿತ್ತು.’ ಗೋಲು ಹೊಡೆದವನು ಸೂಪಿನ ಬಗ್ಗೆ ಬರೆದು ಮಲಗುತ್ತಾನೆಯೇ ಎಂಬ ಅನುಮಾನ ಆಗಾಗ ಬರುತ್ತಿತ್ತು. ಬಂದಾಗಲೆಲ್ಲ ದಿನಚರಿ ಮುಚ್ಚಿ ಬೀರುವಿನಲ್ಲಿ ಇಡುತ್ತಿದ್ದೆ.

ಆ ವರ್ಷ ದೀಪಾವಳಿ ಮುಗಿದ ಮೇಲೆ ಪ್ರಿನ್ಸಿಪಾಲರು ಕರೆದು ವಿಶ್ವವಿದ್ಯಾಲಯದಿಂದ ಬಂದ ಒಂದು ಪತ್ರ ಕೊಟ್ಟರು. ಅಂತರ ವಿಶ್ವವಿದ್ಯಾಲಯ ಐಸ್ ಹಾಕಿ ಪಂದ್ಯಕ್ಕೆ ತಂಡ ಕಳಿಸಬೇಕು, ಆಯ್ಕೆ ಮತ್ತು ತರಬೇತಿ ನನ್ನ ಹೊಣೆ ಎಂದು ಅದರಲ್ಲಿತ್ತು.

“ಇದರಾಗ ನನ್ನ ಹೆಸರು ಹೆಂಗ ಬಂತು ಸಾರ್?” ಎಂದೆ.

“ನೀವೇ ಬರದೀರಲ್ರಿ ಆಟಗಾರ ಅಂತ. ಐದು ತಾಲ್ಲೂಕಿನಾಗ ಐಸ್ ಮ್ಯಾಲೆ ಕಾಲಿಟ್ಟೋರು ನೀವೊಬ್ಬರೇ.”

“ಅದು ಭಾಳ ಹಿಂದಿನ ಮಾತು.”

“ಐಸ್ ಏನು ಹಳೇದಾಗ್ತತೇನ್ರಿ?” ಎಂದು ಅವರು ಸಹಿಗೆ ಪೆನ್ನು ಮುಂದೆ ಮಾಡಿದರು.

ಓದುಗರಿಗೆ ಆಟದ ಬಗ್ಗೆ ಎರಡು ಮಾತು. ಐಸ್ ಹಾಕಿಯಲ್ಲಿ ಗೋಲ್‌ಕೀಪರ್ ಸೇರಿ ಒಂದು ಕಡೆಗೆ ಆರು ಜನ. ಚೆಂಡಿನ ಬದಲು ಗಟ್ಟಿ ರಬ್ಬರಿನ ಬಿಲ್ಲೆ, ಅದಕ್ಕೆ ಪಕ್ ಎನ್ನುತ್ತಾರೆ. ಆಟ ಮೂರು ಅವಧಿಗಳಲ್ಲಿ ನಡೆಯುತ್ತದೆ, ಪ್ರತಿ ಅವಧಿಗೂ ತಂಡಗಳು ದಿಕ್ಕು ಬದಲಿಸುತ್ತವೆ. ನಮಗೆ ಬಂದ ನಿಯಮಗಳಲ್ಲಿ ಇನ್ನೊಂದು ಮಾತಿತ್ತು: ಆಡುತ್ತಿರುವಾಗ ಕಾಲ ಮೇಲೆ ನಿಂತವರು ಐದಕ್ಕಿಂತ ಕಡಿಮೆಯಾದರೆ ಪಂದ್ಯ ಅಲ್ಲಿಗೇ ರದ್ದು. ಮುಗಿಸದ ತಂಡದ ಯಾರಿಗೂ ಪ್ರಮಾಣಪತ್ರ ಇಲ್ಲ.

ಐಸ್ ಕಂಡವರು ಯಾರೂ ಇರಲಿಲ್ಲವಾದ್ದರಿಂದ ಸುತ್ತಲಿನ ಕಾಲೇಜುಗಳಲ್ಲಿ ಬೀಳದೆ ನಿಲ್ಲಬಲ್ಲವರನ್ನು ಹುಡುಕಿದೆ. ಹಡಗಲಿಯಿಂದ ಗದ್ದೆ ಬದುವಿನ ಮೇಲೆ ಗೊಬ್ಬರದ ಚೀಲ ಹೊತ್ತು ನಡೆಯುವ ಇಬ್ಬರು, ಗುಡೇಕೋಟೆಯ ಬಂಡೆಗಳ ಮೇಲೆ ಮೇಕೆ ಹಿಂದೆ ಓಡಿ ಬೆಳೆದ ಇಬ್ಬರು, ಕಾನಹೊಸಹಳ್ಳಿಯಲ್ಲಿ ಹೊರಟ ಬಸ್ಸು ಹಿಡಿದು ಪಳಗಿದ ಇಬ್ಬರು, ಹರಪನಹಳ್ಳಿ ಕಡೆಯಿಂದ ಉಚ್ಚಂಗಿದುರ್ಗದ ಮೆಟ್ಟಿಲನ್ನು ಎರಡೆರಡಾಗಿ ಹತ್ತುವ ಒಬ್ಬ ಸಿಕ್ಕರು. ನಾಯಕ ಹಗರಿಬೊಮ್ಮನಹಳ್ಳಿಯ ಗೌತಮ್. ತಾಯಿ ಆಸ್ಪತ್ರೆಯಲ್ಲಿ ನರ್ಸ್, ಮಗ ಕಬಡ್ಡಿ ಆಟಗಾರ, ಎನ್.ಸಿ.ಸಿ.ಯಲ್ಲಿ ಕಲಿತ ಹಿಂದಿ ಅವನಿಗೆ ಚೆನ್ನಾಗಿ ಬರುತ್ತಿತ್ತು. ಒಂಬತ್ತನೆಯವನು ಕೊಟ್ಟೂರಿನ ಕೊಟ್ರೇಶ, ಗೋಲ್‌ಕೀಪರ್.

ಕೊಟ್ರೇಶನ ಮನೆಯವರದು ಮಂಡಕ್ಕಿ ಭಟ್ಟಿ. ಕಾದ ಮರಳಿನಲ್ಲಿ ಅಕ್ಕಿ ಅರಳುವುದು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ. ಆ ಗಳಿಗೆಯಲ್ಲೇ ಬಾಚಿಕೊಳ್ಳದಿದ್ದರೆ ಕರಕಲು. ಹತ್ತು ವರ್ಷದಿಂದ ಆ ಕೆಲಸ ಮಾಡಿದ ಕೈ ಅವನದು. ನಾನು ಎಸೆದ ಏಳು ಕಲ್ಲುಗಳಲ್ಲಿ ಏಳನ್ನೂ ಹಿಡಿದ. ಆರು ಇರಬಹುದು, ಬರೆದಿಟ್ಟುಕೊಂಡಿಲ್ಲ.

ಅವನಿಗೆ ಈ ಪ್ರಮಾಣಪತ್ರ ಬೇಕೇ ಬೇಕಿತ್ತು. ವ್ಯಾಯಾಮದ ಮಾಸ್ತರನಾಗಬೇಕೆಂಬುದು ಅವನ ಆಸೆ. ಬಿ.ಪಿ.ಎಡ್. ಸೀಟಿಗೆ ಅಂಕ ಸಾಲದು, ಕ್ರೀಡಾ ಕೋಟಾದಲ್ಲಿ ಮಾತ್ರ ದಾರಿ. ಕಬಡ್ಡಿ ಆಯ್ಕೆಯಲ್ಲಿ ಎರಡು ಸಲ ಕೈಬಿಟ್ಟಿದ್ದರು, ಪದವಿಯ ಕೊನೆಯ ವರ್ಷ ಬೇರೆ. ಅವನ ತಾಯಿ ಹಾಲಮ್ಮ ಭಟ್ಟಿಯ ಮುಂದೆ ಕುಳಿತೇ ನನಗೆ ಹೇಳಿದರು: “ಇವರಪ್ಪನ ಉಸಿರು ಈ ಹೊಗ್ಯಾಗ ಹೋತು ಸಾರ್. ಇವನು ಮಾಸ್ತರ ಆದ್ರ ಆತು. ಇಲ್ಲಾಂದ್ರ ಇದೇ ಮಣಿ ಮ್ಯಾಲೆ ಇವನೂ ಕುಂದರ್ತಾನ.”

ತರಬೇತಿ ಎರಡು ಕಡೆ ನಡೆಯಿತು. ಹಾಸ್ಟೆಲಿನ ಊಟದ ಹಾಲಿಗೆ ಕಡಪ ಕಲ್ಲು ಹಾಸಿದ್ದರು. ಅದರ ಮೇಲೆ ಸೋಪಿನ ನೀರು ಸುರಿದು ಕಾಲುಚೀಲದಲ್ಲಿ ಜಾರಿಸುತ್ತಿದ್ದೆ. ಗಾಲಿ ಬೂಟುಗಳು ಒಂಬತ್ತು ಜನಕ್ಕೆ ನಾಲ್ಕು ಜೊತೆ ಬಂದಿದ್ದವು. ಅವಕ್ಕೆ ಕೊಟ್ಟೂರಿನ ಮಾರುಕಟ್ಟೆ ಯಾರ್ಡಿನ ಸಿಮೆಂಟು ಕಟ್ಟೆಯೇ ಗತಿ. ಹಳೆಯ ಟ್ರ್ಯಾಕ್ಟರ್ ಟೈರು ಕೊಯ್ದು ಪಕ್ ಮಾಡಿದೆವು. ಯಾರ್ಡಿನಲ್ಲಿ ಒಣಹಾಕಿದ ಮೆಕ್ಕೆಜೋಳದ ಕಾಳು ಗಾಲಿಗೆ ಸಿಕ್ಕಾಗ ಹುಡುಗರು ಜಾರುತ್ತಿದ್ದ ರೀತಿ ಐಸಿಗೆ ತೀರ ಹತ್ತಿರವಾಗಿತ್ತು.

“ಸಾರ್, ನಿಮ್ಮ ಗುಡೇಕೋಟೆ ಹುಡುಗ ನಮ್ಮ ಜ್ವಾಳದಾಗ ಮಕಾಡಿ ಬಿದ್ದಾನ” ಎಂದು ದಲಾಲರೊಬ್ಬರು ಬಂದರು. “ಬೆವರು ಸುರೀತೈತಿ. ತೇವ ಹೆಚ್ಚಾದ್ರ ಮಿಲ್ಲಿನೋರು ವಾಪಸ್ ಕಳಸ್ತಾರ.”

“ಎಬ್ಬಿಸ್ತೀವ್ರಿ.”

“ಎಬ್ಬಿಸೋದಲ್ರಿ, ಒರೆಸಿ ಬೀಳಸ್ರಿ.”

ನಾನು ಹೇಳಿಕೊಟ್ಟದ್ದೆಲ್ಲ ಆಕ್ರಮಣದ ಪಾಠ. ಮೊಣಕಾಲು ಬಗ್ಗಿಸಿ, ಗೋಲನ್ನೇ ನೋಡಿ, ಅರ್ಧ ಕೆರೆಯಿಂದ ಹೊಡೆಯಿರಿ. ನನ್ನ ಗೋಲಿನ ಮಾದರಿ ಕಣ್ಣ ಮುಂದೆಯೇ ಇತ್ತಲ್ಲ. ಒಂದು ದಿನ ಕೊಟ್ರೇಶ ಕೇಳಿದ: “ಸಾರ್, ಐಸ್ ಮ್ಯಾಲೆ ಬೀಳಲಾರದಂಗ ನಿಲ್ಲೋದು ಹೆಂಗ?”

“ಅದು ತಾನಾಗೇ ಬರ್ತತಿ” ಎಂದೆ. ನನಗೆ ಹೇಗೆ ಬಂದಿತ್ತೆಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಜನವರಿಯಲ್ಲಿ ಹೊರಟೆವು. ಕೊಟ್ಟೂರಿನ ಬಸ್ ನಿಲ್ದಾಣಕ್ಕೆ ಹಾಲಮ್ಮ ಒಂದು ಚೀಲ ಮಂಡಕ್ಕಿ, ಒಂದು ತೆಂಗಿನಕಾಯಿ ತಂದರು.

“ಸಾರ್, ಭಟ್ಟಿ ಹಚ್ಚೋಕಿಂತ ಮೊದಲು ಅದರ ಬಾಯಿಗೆ ಕಾಯಿ ಒಡಿತೀವಿ. ಇವನು ನಿಲ್ಲೋ ಜಾಗಕ್ಕೂ ಬಾಯಿ ಐತಂತಲ್ಲ, ಅಲ್ಲಿ ಒಡಸ್ರಿ.”

“ನೋಡೋಣ ಬಿಡ್ರಿ ಹಾಲಮ್ಮಾರ” ಎಂದೆ. ಒಡೆಸುವುದಿಲ್ಲ ಎಂಬುದನ್ನು ನಮ್ಮ ಕಡೆ ಹೀಗೆ ಹೇಳುತ್ತಾರೆ. ಇದು ಕೊಟ್ರೇಶನಿಗೂ ಗೊತ್ತಿತ್ತು. ಆದ್ದರಿಂದಲೇ ಅವನು ನನ್ನನ್ನು ಮತ್ತೆ ಕೇಳಲಿಲ್ಲ.

ನಾಲ್ಕನೆಯ ದಿನ ಊರು ತಲುಪಿದೆವು. ನಾನು ಹಿಂದೆ ಬಂದದ್ದು ಇದೇ ಊರು. ಕೆರೆಯ ಎಡಕ್ಕೆ ಇದ್ದ ಬೆಟ್ಟ ಈಗ ಬಲಕ್ಕಿತ್ತು; ಬೆಟ್ಟ ಜಾಗ ಬದಲಿಸಿರಲಾರದು. ಅಭ್ಯಾಸಕ್ಕೆ ಒಂದು ಗಂಟೆ ಕೊಟ್ಟರು. ಒಂಬತ್ತು ಜನರೂ ಬಿದ್ದರು. ಸಾಲಾಗಿ, ಒಬ್ಬರನ್ನೊಬ್ಬರು ಎಬ್ಬಿಸಲು ಹೋಗಿ ಬಿದ್ದರು. ಎದುರಾಳಿಗಳು ಆ ಸೀಮೆಯ ಹುಡುಗರು. ಅವರು ಸುತ್ತಲೂ ಸುಮ್ಮನೆ ತೇಲಾಡುತ್ತ, ಬಿದ್ದವರ ಕೋಲುಗಳನ್ನು ಎತ್ತಿ ಎತ್ತಿ ಕೊಡುತ್ತಿದ್ದರು.

ಅಂದು ಸಂಜೆ ಕೊಠಡಿಯಲ್ಲಿ ಎಲ್ಲರನ್ನೂ ಕೂರಿಸಿ ಹೇಳಿದೆ: “ಗೆಲ್ಲೋ ಮಾತು ಬಿಡ್ರಿ. ಎಷ್ಟಾದ್ರೂ ಗೋಲು ಬೀಳಲಿ. ಪಂದ್ಯ ಮುಗಿಸ್ರಿ, ಅಷ್ಟು ಸಾಕು.”

ಮರುದಿನ ಹತ್ತು ಗಂಟೆಗೆ ಪಂದ್ಯ. ರೆಫರಿ ಅರವತ್ತು ದಾಟಿದ, ಸುಕ್ಕುಗಟ್ಟಿದ ಮುಖದ ಹಿರಿಯರು. ನಾನು ಬೆಂಚಿನ ಬಳಿ ಗೌತಮನಿಗೆ ಏನೋ ಹೇಳುತ್ತಿದ್ದಾಗ ಟಪ್ಪೆಂದು ಒಂದು ಸದ್ದಾಯಿತು. ತಿರುಗಿ ನೋಡಿದರೆ ಕೊಟ್ರೇಶ ಗೋಲಿನ ಮುಂದೆ ಮೊಣಕಾಲೂರಿದ್ದಾನೆ. ಹಣೆಗೆ ವಿಭೂತಿ, ಕೈಯಲ್ಲಿ ಎರಡು ಹೋಳು. ಬಲಗಡೆಯ ಕಂಬದ ಬುಡಕ್ಕೆ ಕಾಯಿ ಒಡೆದಿದ್ದ. ಹೋಳುಗಳನ್ನು ಎತ್ತಿಕೊಂಡಿದ್ದ, ನೀರನ್ನು ಎತ್ತಿಕೊಳ್ಳುವುದಕ್ಕೆ ಆಗುತ್ತದೆಯೇ? ಭಟ್ಟಿಯ ಬಾಯಿಗೆ ಒಡೆದರೆ ಕಾಯಿನೀರು ಸುಂಯ್ಯೆಂದು ಆವಿಯಾಗುತ್ತದೆ. ಇಲ್ಲಿ ಅದು ನೋಡನೋಡುತ್ತಲೇ ಹೆಪ್ಪುಗಟ್ಟಿ, ಕಂಬದ ಬುಡದಲ್ಲಿ ಅಂಗೈ ಅಗಲದ ದಿಂಡಾಗಿ ನಿಂತಿತು. ನಾರು ಬೇರೆ ಅದರೊಳಗೆ ಸೇರಿಕೊಂಡಿತ್ತು.

ರೆಫರಿ ಸೀಟಿ ಊದುತ್ತ ಬಂದರು. ಬಗ್ಗಿ ನೋಡಿದರು, ಮೂಸಿ ನೋಡಿದರು. ಇಡೀ ಜೀವಮಾನದಲ್ಲಿ ಇದಕ್ಕೊಂದು ನಿಯಮ ಬೇಕಾಗುತ್ತದೆಂದು ಅವರು ಎಣಿಸಿರಲಿಲ್ಲ. ಇದೇನೆಂದು ನನ್ನನ್ನು ಹಿಂದಿಯಲ್ಲಿ ಕೇಳಿದರು. ನಾನು ಕೊಟ್ರೇಶನತ್ತ ತಿರುಗಿದೆ.

“ಎಲ್ಲಿ ಒಡದೀಯಲೇ?”

“ಬಾಯಿಗೆ ಸಾರ್. ಬೇರೆ ಕಡಿ ಒಡದ್ರ ಅದು ಕಾಯಿ ಒಡದಂಗಲ್ಲ, ಚಟ್ನಿಗೆ ಒಡದಂಗ.”

ಗೌತಮ್ ಇದನ್ನು ಸ್ವಲ್ಪ ತಿದ್ದಿ ಅನುವಾದಿಸಿದ. ರೆಫರಿ ಸಲಿಕೆ ತರಿಸಿ ಕೆರೆಸಿದರು. ಮೇಲಿನದು ಹೋಯಿತು, ಬುಡದ ದಿಂಡು ಕಂಬಕ್ಕೆ ಕಚ್ಚಿಕೊಂಡು ಹಾಗೇ ಉಳಿಯಿತು. ತಂಡವನ್ನು ಹೊರಗೆ ಹಾಕಬಹುದು, ಹಾಕುವುದಿಲ್ಲ, ತಡ ಮಾಡಿದ್ದಕ್ಕೆ ಎರಡು ನಿಮಿಷ ಒಬ್ಬ ಆಟಗಾರ ಹೊರಗೆ ಕೂರಲಿ ಎಂದರು. ಪಂದ್ಯ ಶುರುವಾಗುವ ಮೊದಲೇ ದಂಡ ತೆತ್ತ ತಂಡ ನಮ್ಮದು. ಹೋಗುವಾಗ ಅವರು ನನ್ನ ಮುಖವನ್ನೇ ದಿಟ್ಟಿಸಿ, “ನೀವು ಹಿಂದೊಮ್ಮೆ ಬಂದಿದ್ದಿರಲ್ಲವೇ?” ಎಂದರು. ನಾನು ಕಿವಿಗೆ ಕಟ್ಟಿದ ಮಫ್ಲರನ್ನು ತೋರಿಸಿ, ಕೇಳಿಸಲಿಲ್ಲ ಎಂಬಂತೆ ನಕ್ಕೆ.

ಮೊದಲ ಅವಧಿಯಲ್ಲಿ ಆರು ಗೋಲು ಬಿದ್ದವು. ಎರಡನೆಯದರಲ್ಲಿ ಒಂಬತ್ತು. ಇವು ಸ್ಕೋರ್ ಹಾಳೆಯ ಸಂಖ್ಯೆಗಳು, ನನ್ನವಲ್ಲ. ಗೋಲಿಗಿಂತ ದೊಡ್ಡ ಕಷ್ಟ ಉಸಿರಿನದು. ಆ ಎತ್ತರದ ಗಾಳಿ ನಮ್ಮ ಹುಡುಗರಿಗೆ ಸಾಲಲಿಲ್ಲ. ಹಡಗಲಿಯ ಇಬ್ಬರೂ ಏದುಸಿರಿನಿಂದ ಕುಸಿದರು, ಉಚ್ಚಂಗಿದುರ್ಗದವನ ಮೂಗಿನಿಂದ ರಕ್ತ ಬಂತು, ಕಾನಹೊಸಹಳ್ಳಿಯ ಒಬ್ಬನ ಕಾಲು ಉಳುಕಿತು. ಎರಡನೆಯ ಅವಧಿ ಮುಗಿದಾಗ ನಿಂತಿದ್ದವರು ಕೊಟ್ರೇಶನೂ ಸೇರಿ ಸರಿಯಾಗಿ ಐದು ಜನ. ಇನ್ನೊಬ್ಬ ಬಿದ್ದು ಏಳದಿದ್ದರೆ ಪಂದ್ಯ ರದ್ದು. ಉಳಿದದ್ದು ಹದಿನೈದು ನಿಮಿಷ.

ಕೊಟ್ರೇಶ ಶಿರಸ್ತ್ರಾಣ ತೆಗೆದು ಬೆಂಚಿನ ಮೇಲೆ ಕುಳಿತಿದ್ದ. “ಸಾರ್, ಕಾಲು ನಿಲ್ಲವಲ್ಲವು” ಎಂದ. ಅಳುತ್ತಿರಲಿಲ್ಲ. ಅಳುವುದಕ್ಕೂ ಉಸಿರು ಬೇಕು.

ಆಗ ರೆಫರಿ ತಲೆ ಎಣಿಸಲು ಬಂದರು. ಐದು ಎಂದು ಬರೆದುಕೊಂಡರು. ಹುಡುಗರ ಮುಖ ನೋಡಿ ಪಾಪವೆನಿಸಿರಬೇಕು, ನಗಿಸಲೆಂದು ಒಂದು ಕಥೆ ಹೇಳಿದರು. ಇಪ್ಪತ್ತೈದು ವರ್ಷದ ಹಿಂದೆ ಅವರು ಇಲ್ಲಿ ಶಿಬಿರ ನಡೆಸುತ್ತಿದ್ದಾಗ ದಕ್ಷಿಣದಿಂದ ಒಬ್ಬ ಹುಡುಗ ಬಂದಿದ್ದನಂತೆ. ಕೊನೆಯ ಪಂದ್ಯದ ಉದ್ದಕ್ಕೂ ಅವನು ಗೋಲಿನ ಕಂಬವನ್ನು ತಬ್ಬಿಕೊಂಡು ನಿಂತಿದ್ದ. ಯಾರು ಎಳೆದರೂ ಬಿಡಲಿಲ್ಲ. ಎದುರಾಳಿ ಹೊಡೆದ ಪಕ್ ಅವನ ಬೆನ್ನಿಗೆ ಬಡಿದು ಅವನದೇ ತಂಡದ ಗೋಲಿನೊಳಗೆ ಹೋಯಿತು. “ಆಮೇಲೆ ಬಂದು ಎರಡು ಸಲ ಸೂಪ್ ಹಾಕಿಸಿಕೊಂಡ” ಎಂದು ರೆಫರಿ ನನ್ನತ್ತ ನೋಡಿ, ಕಣ್ಣು ಮಿಟುಕಿಸಿ ಹೊರಟರು.

ಗೌತಮ್ ಕಥೆಯನ್ನು ಕನ್ನಡಕ್ಕೆ ಇಳಿಸಿದ. ಸೂಪಿನವರೆಗೂ ಇಳಿಸಿದ. ಆಮೇಲೆ ಮೆಲ್ಲಗೆ ಕೇಳಿದ: “ಸಾರ್, ಅದು ನೀವೇನ್ರಿ?”

ಸಂದೇಹವಾದಿಗೆ ಪುರಾವೆ ಸಿಕ್ಕ ಮೇಲೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಸೂಪ್ ನನ್ನ ದಿನಚರಿಯಲ್ಲಿತ್ತು, ಗೋಲು ಇರಲಿಲ್ಲ. “ನಾನೇ” ಎಂದೆ.

“ಅರ್ಧ ಕೆರಿಯಿಂದ ಹೊಡದಿದ್ದು?”

“ಅರ್ಧ ಕೆರಿಯಿಂದ ಹೊಡದಿದ್ದು ಖರೇನ. ಹೊಡದಾವ ನಾನಲ್ಲ.”

ಮೊದಲು ನಕ್ಕವನು ಮೂಗಿಗೆ ಹತ್ತಿ ಇಟ್ಟುಕೊಂಡಿದ್ದ ಉಚ್ಚಂಗಿದುರ್ಗದವನು. ಆಮೇಲೆ ಎಲ್ಲರೂ ನಕ್ಕರು, ಏದುಸಿರಿನಲ್ಲಿ, ಕೆಮ್ಮುತ್ತ. ನಗದವನು ಕೊಟ್ರೇಶ ಒಬ್ಬನೇ.

“ಸಾರ್, ಹಂಗ ಕಂಬ ಹಿಡಕೊಂಡು ನೀವು ಪಂದ್ಯ ಮುಗಿಸಿದ್ರಾ ಇಲ್ಲಾ?”

“ಮುಗಿಸ್ದೆ.”

“ಮತ್ತ ಅದನ್ನ ಹೇಳಿಕೊಡ್ರಿ. ನಮಗ ಬೇಕಾದದ್ದು ಅದು.”

ಎರಡು ತಿಂಗಳಿಂದ ನನ್ನಲ್ಲಿಲ್ಲದ್ದನ್ನೇ ಕಲಿಸುತ್ತಿದ್ದೆ. ಇದ್ದದ್ದನ್ನು ಕಲಿಸಲು ಸಿಕ್ಕಿದ್ದು ಎರಡು ನಿಮಿಷ. ಆದರೆ ಕಂಬ ಎಂದ ಕೂಡಲೇ ಮೈಗೆ ಎಲ್ಲ ನೆನಪಾಯಿತು. ಕಬ್ಬಿಣದ ತಣುಪು, ಮೊಣಕೈ ಒಳಗೆ ಸಿಕ್ಕಿಸುವ ಬಗೆ, ಅಲಗನ್ನು ಅಡ್ಡ ತಿರುಗಿಸಿ ಬುಡಕ್ಕೆ ಒತ್ತುವುದು. “ಬೆನ್ನು ಬಗ್ಗಿಸಬ್ಯಾಡ್ರಿ. ಒಂದು ಕೈ ಕಂಬಕ್ಕ, ಇಲ್ಲಾ ಅಂಚಿನ ಹಲಗಿಗೆ, ಇಲ್ಲಾ ಒಬ್ಬರಿಗೊಬ್ಬರು. ಪಕ್ ತಾನಾಗಿ ಬಂದು ಬಡದ್ರ ಬಡಸ್ಕಳ್ರಿ. ಅದರ ಹಿಂದ ಹೋಗಬ್ಯಾಡ್ರಿ. ಎಡಗಾಲು...” ಎನ್ನುವಷ್ಟರಲ್ಲಿ ಕೊಟ್ರೇಶ, “ನಂದು ಬಲಗಾಲು. ಬಲಗಂಬದ ಬುಡಕ್ಕ ನಂದೊಂದು ಆನಿಕಿ ಐತಿ ಸಾರ್” ಎಂದ.

ಮೂರನೆಯ ಅವಧಿಗೆ ದಿಕ್ಕು ಬದಲಾಗಿ ನಾವು ಮತ್ತೆ ಮೊದಲಿನ ಗೋಲಿಗೇ ಬಂದಿದ್ದೆವು. ತೆಂಗಿನ ನೀರಿನ ದಿಂಡು ಕಂಬದ ಬುಡದಲ್ಲಿ ಕಾಯುತ್ತಿತ್ತು. ಕೊಟ್ರೇಶ ಬಲಗಾಲಿನ ಅಲಗನ್ನು ಅದಕ್ಕೆ ಕೊಟ್ಟು ನಿಂತ. ಅಂದು ಮೊದಲ ಬಾರಿಗೆ ಅವನು ನಿಜವಾಗಿ ನಿಂತದ್ದು. ಗುಡೇಕೋಟೆಯ ಇಬ್ಬರು ಎರಡು ಕಂಬ ಹಿಡಿದರು. ಗೌತಮ್ ಮತ್ತು ಕಾನಹೊಸಹಳ್ಳಿಯವನು ಅವರ ತೋಳು ಹಿಡಿದರು. ಹೊರಟ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದ ಐದು ಜನರಂತೆ ಕಾಣುತ್ತಿದ್ದರು. ಎದುರಾಳಿಗಳಿಗೆ ಇಂಥ ಆಟ ಗೊತ್ತಿರಲಿಲ್ಲ. ಹೊಡೆದದ್ದೆಲ್ಲ ಯಾರದಾದರೂ ಮೊಣಕಾಲಿಗೋ ಬೆನ್ನಿಗೋ ಬಡಿದು ಹೊರಗೆ ಹೋಗುತ್ತಿತ್ತು. ಉಳಿದದ್ದನ್ನು ಮಂಡಕ್ಕಿ ಬಾಚಿದಂತೆ ಕೊಟ್ರೇಶ ಬಾಚುತ್ತಿದ್ದ. ಹದಿನಾಲ್ಕು ನಿಮಿಷದಲ್ಲಿ ಎರಡೇ ಗೋಲು.

ಕೊನೆಯ ನಿಮಿಷದಲ್ಲಿ ಬಲಗಂಬದ ಗುಡೇಕೋಟೆ ಹುಡುಗನ ಕೈ ಸಡಿಲವಾಯಿತು. ಮೊಣಕಾಲು ಮಡಿಸಿ ಕುಸಿಯತೊಡಗಿದ. ಅದೇ ಹೊತ್ತಿಗೆ ಎದುರಿನಿಂದ ಪಕ್ ಬಂತು, ಕೊಟ್ರೇಶನ ಎದೆಗೇ. ಹಿಡಿಯಬಹುದಿತ್ತು. ಅವನು ಪಕ್ ಬಿಟ್ಟು, ಪಕ್ಕದವನ ಕೊರಳಪಟ್ಟಿ ಹಿಡಿದ. ಪಕ್ ಅವನ ಹೆಗಲು ಸವರಿ ಒಳಗೆ ಹೋಯಿತು. ಹುಡುಗ ಅವನ ಕೈಯಲ್ಲಿ ತೂಗುತ್ತಿದ್ದ. ಬಲಗಾಲು ದಿಂಡಿಗೆ ಒತ್ತಿ ಕೊಟ್ರೇಶ ಅವನನ್ನು ಎತ್ತಿ ಕಾಲ ಮೇಲೆ ಇಟ್ಟ. “ನಿಂದ್ರಲೇ, ನಿಂದ್ರು. ಊರಿಗೆ ಹೋಗಿ ಬೀಳುವಂತಿ” ಎನ್ನುವುದು ನನ್ನ ಬೆಂಚಿಗೂ ಕೇಳಿಸಿತು. ರೆಫರಿ ಹತ್ತಿರ ಬಂದು ಬೆರಳು ಮಡಚಿ ಎಣಿಸಿದರು. ಐದು. ಸೀಟಿ ಊದಿದರು.

ಹದಿನೆಂಟು–ಸೊನ್ನೆ. ನಮ್ಮವರು ಎಷ್ಟು ಹೊತ್ತಾದರೂ ಗೋಲಿನ ಕಂಬ ಬಿಡಲೊಲ್ಲರು. ಬಿಟ್ಟರೆ ಬೀಳುತ್ತೇವೆಂದು ಅವರಿಗೆ ಗೊತ್ತಿತ್ತು. ಕೊನೆಗೆ ಎದುರಾಳಿ ಹುಡುಗರೇ ಬಂದು ಒಬ್ಬೊಬ್ಬರನ್ನು ಕೈಹಿಡಿದು ದಡಕ್ಕೆ ಕರೆತಂದರು.

ಪ್ರಮಾಣಪತ್ರ ಬಂತು, ಸೀಟೂ ಸಿಕ್ಕಿತು. ಹಾಲಮ್ಮ ನನಗೆ ಸಿಹಿ ಕೊಡುತ್ತ, “ಕಾಯಿ ಕೆಲಸ ಮಾಡ್ತು ನೋಡ್ರಿ” ಎಂದರು. ಅದು ಘರ್ಷಣೆ, ಅಲಗಿಗೆ ಒರಟು ಐಸ್ ಸಿಕ್ಕಿದ್ದರಿಂದ ಕಾಲು ನಿಂತಿತು ಎಂದು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. “ಹೌದು ಬಿಡ್ರಿ” ಎಂದರು. “ಆ ಒರಟು ಐಸ್ ಯಾರು ತಂದಿಟ್ಟಿದ್ರು ಸಾರ್?”

ಈಗ ನಾನು ನಿವೃತ್ತ. ಕೊಟ್ರೇಶ ಕೂಡ್ಲಿಗಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವ್ಯಾಯಾಮದ ಮಾಸ್ತರ. ಕಳೆದ ವರ್ಷ ಅವನ ಶಾಲೆಯ ಕ್ರೀಡಾದಿನಕ್ಕೆ ಕರೆದಿದ್ದ. ಮಕ್ಕಳನ್ನು ಖೊ ಖೊ ಕಂಬದ ಸುತ್ತ ಕೂರಿಸಿಕೊಂಡು ಅದೇ ಪಂದ್ಯದ ಕಥೆ ಹೇಳುತ್ತಿದ್ದ. ಅಂದು ನಲವತ್ತು ಗೋಲು ತಡೆದನಂತೆ. ನಾನು ಬಂದದ್ದು ನೋಡಿ ಒಂದು ಕ್ಷಣ ತಡವರಿಸಿ, “ಹೌದಲ್ರಿ ಸಾರ್?” ಎಂದ.

ಆ ಪಂದ್ಯದ ದಿನದ ನನ್ನ ದಿನಚರಿಯಲ್ಲಿರುವುದೂ ಎರಡೇ ವಾಕ್ಯ: ‘ಮುಗಿಸಿದರು. ಸೂಪ್ ಚೆನ್ನಾಗಿತ್ತು.’ ತಡೆದದ್ದು ಎಷ್ಟೆಂದು ಯಾರೂ ಎಣಿಸಿರಲಿಲ್ಲ.

“ನಲವತ್ತೊಂದು” ಎಂದೆ.

ಮುಂದಿನ ಸಾಲಿನ ಒಬ್ಬ ಹುಡುಗಿ, “ನೀವೂ ಆಡೀರೇನ್ರಿ ಸಾರ್?” ಎಂದು ಕೇಳಿದಳು. ಪೂರ್ತಿ ಪಂದ್ಯ ಕಂಬ ಹಿಡಿದುಕೊಂಡು ನಿಂತಿದ್ದೆ ಎಂದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಕೊಟ್ರೇಶ ನಗಲಿಲ್ಲ. ಆ ಹುಡುಗಿಯನ್ನು ಎಬ್ಬಿಸಿ, ಓಡಿ ಬಂದು ಕಂಬ ತಿರುಗುವಾಗ ಕೈ ಎಲ್ಲಿ ಸಿಕ್ಕಿಸಬೇಕೆಂದು ತೋರಿಸಿದ. ಮೊಣಕೈ ಒಳಗೆ, ಪಾದ ಬುಡಕ್ಕೆ. ನಾನು ಎರಡು ನಿಮಿಷದಲ್ಲಿ ಕಲಿಸಿದ್ದ ಪಾಠ ಅದು. ಮೂವತ್ತು ವರ್ಷದ ಕೆಲಸದಲ್ಲಿ ಹೊಡೆಯುವುದನ್ನು ನೂರಾರು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ, ಯಾರಿಗೆ ಬಂತೋ ತಿಳಿಯದು. ಹಿಡಿದುಕೊಂಡು ನಿಲ್ಲುವುದನ್ನು ಐದೇ ಜನಕ್ಕೆ ಹೇಳಿಕೊಟ್ಟೆ. ಅದು ಮಾತ್ರ ನನಗೆ ಗೊತ್ತಿದ್ದ ವಿದ್ಯೆ ಎಂದು ಮೊದಲೇ ಒಪ್ಪಿಕೊಂಡಿದ್ದರೆ, ದಲಾಲರ ಮೆಕ್ಕೆಜೋಳವಾದರೂ ಒಣಗಿರುತ್ತಿತ್ತು.